ತಮಾಷೆ ಹಾಡಿನ ಒಂಬತ್ತು ರೂಪಗಳು

ಟ್ಯಾಂಪಿನೀಸ್, ಸಿಂಗಪುರ
5 ಮಾರ್ಚ್ 1995

ಪ್ರೀತಿಯ ಅಕ್ಕ,

ಸಂಕ್ರಾಂತಿ ಆದ ಮೇಲೆ ನಿನ್ನಿಂದ ಕಾಗದವೇ ಇಲ್ಲ. ರೇಡಿಯೊ, ಪಾಠ, ಮದುವೆ ಮನೆಗಳ ಕಚೇರಿ ಎಂದು ಓಡಾಡುತ್ತಿದ್ದೀಯ ಎಂದುಕೊಂಡು ಸುಮ್ಮನಿದ್ದೇನೆ. ಭಾವನ ಕಾಲೇಜಿಗೆ ಪರೀಕ್ಷೆಯ ಕಾಲ ಅಲ್ಲವೇ? ಹುಡುಗರ ಪೇಪರುಗಳ ಮಧ್ಯೆ ಮುಳುಗಿರುತ್ತಾರೆ. ಇಲ್ಲಿ ನಮ್ಮ ಮನೆಯವರೂ ಹಾಗೆಯೇ. ಬೆಳಿಗ್ಗೆ ಎಂಆರ್‌ಟಿ ರೈಲು ಹತ್ತಿ ತಂಜಾಂಗ್ ಪಗಾರ್‌ನ ಬ್ಯಾಂಕಿಗೆ ಹೋದರೆ ಮನೆ ಸೇರುವಾಗ ಸಾರು ಆರಿರುತ್ತದೆ.

ನಿನಗೆ ಒಂದು ವಿಷಯ ಹೇಳಬೇಕು. ಹೇಗೆ ಶುರುಮಾಡುವುದೋ ತಿಳಿಯದೆ ಮುಂದಕ್ಕೆ ತಳ್ಳುತ್ತಾ ಬಂದೆ. ಸಂಹಿತಾ ಹಾಡುವುದನ್ನು ಬಿಟ್ಟಿದ್ದಾಳೆ. ಡಿಸೆಂಬರ್ ರಜೆಯಲ್ಲಿ ನೀನು ಕೂರಿಸಿಕೊಂಡು ಹೇಳಿಕೊಟ್ಟದ್ದನ್ನು ಇಲ್ಲಿಗೆ ಬಂದ ಮೇಲೆ ಒಂದು ದಿನವೂ ಹಾಡಲಿಲ್ಲ. ಶಾಲೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಾಳೆ. ಬ್ಯಾಂಡು ಇದ್ದರೆ ಇರಲಿ, ಹಾಡೂ ಇರಲಿ ಎಂದು ಎಷ್ಟು ಹೇಳಿದೆ. "ಎರಡೂ ಆಗಲ್ಲ ಲಾ ಅಮ್ಮ" ಎಂದು ಇಲ್ಲಿನವರ ಹಾಗೆ ಲಾ ಸೇರಿಸಿ ಹೇಳಿಬಿಟ್ಟಳು. ಕಾರಣ ಕೇಳಿದರೆ ಸರಿಯಾಗಿ ಹೇಳುವುದಿಲ್ಲ.

ಬರುವ ಡಿಸೆಂಬರಿನಲ್ಲಿ ನಿನ್ನ ಕಚೇರಿಯಲ್ಲಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾಡಿಸಬೇಕು ಎಂದು ನೀನು ಆಸೆಪಟ್ಟಿದ್ದೆ. ಬೇಜಾರು ಮಾಡಿಕೊಳ್ಳಬೇಡ ಅಕ್ಕ. ಬೈಯುವುದಾದರೆ ನನ್ನನ್ನು ಬೈದು ಒಂದು ಕಾಗದ ಹಾಕು.

ನಿನ್ನ
ಶಾಮಲಾ


ಸರಸ್ವತಿಪುರಂ, ಮೈಸೂರು
2 ಏಪ್ರಿಲ್ 1995

ಚಿ. ಸೌ. ಶಾಮಲೆಗೆ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ನಾವಿಬ್ಬರೂ ಕ್ಷೇಮ. ಸಂಹಿತಾ ಅವಳಿಗೆ ಇಷ್ಟವಾದದ್ದನ್ನು ಕಲಿಯಲಿ. ಹಾಡುವುದೊಂದೇ ಬದುಕಲ್ಲ.

ಹುಡುಗಿಯರಿಗೆ ಪರೀಕ್ಷೆ. ಪಾಠ ಸದ್ಯಕ್ಕೆ ನಿಲ್ಲಿಸಿದ್ದೇನೆ. ಫೋನು ಸರಿಯಾಗಿ ಕೇಳಿಸುತ್ತಿಲ್ಲ, ಮಾಡಬೇಡ. ಏನಿದ್ದರೂ ಬರೆ.

ರಮಾ


ಟ್ಯಾಂಪಿನೀಸ್
23 ಏಪ್ರಿಲ್ 1995

ಪ್ರೀತಿಯ ಅಕ್ಕ,

ನಿನ್ನ ಕಾಗದ ಓದಿ ಅಡುಗೆಮನೆಯಲ್ಲಿ ಅತ್ತುಬಿಟ್ಟೆ. "ಹಾಡುವುದೊಂದೇ ಬದುಕಲ್ಲ" ಎಂದು ನೀನು ಬರೆದಿದ್ದೀಯ! ಚಿಕ್ಕಂದಿನಲ್ಲಿ ನಾನು ವೀಣೆ ತೆಗೆಯದೆ ಕುಂಟೆಬಿಲ್ಲೆ ಆಡುತ್ತಿದ್ದರೆ ಜಡೆ ಹಿಡಿದು ಎಳೆದು ತರುತ್ತಿದ್ದವಳು ನೀನು. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಬೇಡವೆಂದರೂ ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ಭಾವನೇ ಎತ್ತಿಕೊಂಡರು. ಒಂದು ಸಲ ನೀನು ದೇವಸ್ಥಾನಕ್ಕೆ ಹೋಗಿದ್ದೆಯಂತೆ, ಇನ್ನೊಂದು ಸಲ ಮಲಗಿದ್ದೆಯಂತೆ. ಭಾವನ ದನಿ ಸ್ಪಷ್ಟವಾಗಿಯೇ ಕೇಳಿಸಿತು. ನನ್ನ ಜೊತೆ ಮಾತು ಬೇಡ ಅಂತಲೇ ನಿನ್ನ ಮನಸ್ಸಿನಲ್ಲಿದೆ. ಇರಲಿ. ನೀನು ಮಾತು ಬಿಟ್ಟರೂ ನಾನು ಬರೆಯುತ್ತೇನೆ.

ಯಾಕೆಂದರೆ ಹೋದ ಭಾನುವಾರ ನಾನು ಒಂದು ಸಂಗೀತ ಕೇಳಿದೆ. ಅದನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ನಮಗಿಂತ ಎರಡು ಮಹಡಿ ಮೇಲೆ ಗೋ ಎಂಬ ಚೀನೀ ದಂಪತಿ ಇದ್ದಾರೆ. ಇಬ್ಬರೂ ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಆಕೆ ಪಿಯಾನೋ, ಆತ ಚೆಲ್ಲೋ ನುಡಿಸುತ್ತಾರೆ. ಚೆಲ್ಲೋ ಎಂದರೆ ನಮ್ಮ ಪಿಟೀಲಿನ ಅಜ್ಜ ಎನ್ನು, ಮುಂದೆ ನಿಲ್ಲಿಸಿಕೊಂಡು ಮೊಣಕಾಲುಗಳ ನಡುವೆ ಹಿಡಿದು ನುಡಿಸುವಷ್ಟು ದೊಡ್ಡದು. ಅವರ ಜೊತೆ ಕ್ಲಾರಿನೆಟ್ ನುಡಿಸುತ್ತಿದ್ದ ಗೆಳೆಯ ಪರ್ತ್‌ಗೆ ಶಿಫ್ಟ್ ಆಗಿಬಿಟ್ಟರಂತೆ. ಲಿಫ್ಟಿನಲ್ಲಿ ಸಂಹಿತಾಳ ಕೈಯಲ್ಲಿ ಕ್ಲಾರಿನೆಟ್ ಪೆಟ್ಟಿಗೆ ನೋಡಿ ಮಿಸೆಸ್ ಗೋ ಅಲ್ಲೇ ಹಿಡಿದರು. "ಸಂಡೇ ನಮ್ಮನೆಗೆ ಬಾ. ಸುಮ್ಮನೆ ಟ್ರೈ ಮಾಡೋಣ." ಗುರುತಿಲ್ಲದವರ ಮನೆಗೆ ಹುಡುಗಿಯನ್ನು ಒಬ್ಬಳನ್ನೇ ಕಳಿಸುವುದು ಹೇಗೆ ಎಂದು ನಾನೂ ಹೋದೆ.

ಬೀಥೋವನ್ ಬರೆದದ್ದಂತೆ. ಆ ಹೆಸರು ಕೇಳಿದೊಡನೆ ನಾನು ಪರೀಕ್ಷೆಗೆ ಕೂತವಳ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡೆ. ಮಿಸ್ಟರ್ ಗೋ ನಕ್ಕುಬಿಟ್ಟರು. "ಭಯಪಡಬೇಡಿ. ಈ ಟ್ಯೂನ್ ಅವನದ್ದಲ್ಲ. ಆಗಿನ ಒಂದು ಕಾಮಿಡಿ ಆಪರಾದ್ದು." ಆಪರಾ ಎಂದರೆ ಹಾಡುಗಳಲ್ಲೇ ನಡೆಯುವ ನಾಟಕ, ನಮ್ಮ ಕಂಪನಿ ನಾಟಕಗಳ ಹಾಗೆ. ಅದರಲ್ಲಿ ಒಬ್ಬ, ಕೆಲಸ ಶುರುಮಾಡುವ ಮೊದಲು ಹೊಟ್ಟೆಗೆ ಏನಾದರೂ ಬೀಳಬೇಕು ಎಂದು ಹಾಡುತ್ತಾನಂತೆ. ಅದು ವಿಯೆನ್ನಾದಲ್ಲಿ ಎಂಥ ಹುಚ್ಚು ಹಿಡಿಸಿತೆಂದರೆ ಬೀದಿಬೀದಿಯಲ್ಲಿ ಜನ ಅದನ್ನೇ ಸಿಳ್ಳೆ ಹಾಕುತ್ತಿದ್ದರಂತೆ. "ಮೊದಲು ಊಟ, ಆಮೇಲೆ ಕೆಲಸ. ಪಕ್ಕಾ ಸಿಂಗಪೂರ್ ಸಾಂಗ್ ಲಾ!" ಎಂದು ಮಿಸ್ಟರ್ ಗೋ ಹೊಟ್ಟೆ ತಟ್ಟಿಕೊಂಡರು.

ಆಮೇಲೆ ನುಡಿಸಿದರು. ಹಾಡೇನೋ ಹಾಗೆಯೇ ಇತ್ತು, ಮಕ್ಕಳೂ ಗುನುಗುವಷ್ಟು ಸರಳ, ಶಂಕರಾಭರಣದ ಸ್ವರಗಳು. ನಾನು ಮನಸ್ಸಿನಲ್ಲಿ, ಇಷ್ಟೇನಾ ಎಂದುಕೊಂಡೆ. ಆದರೆ ಅದು ಮುಗಿದ ಕೂಡಲೇ ಅದೇ ಹಾಡನ್ನು ಪಿಯಾನೋ ಒಂದೇ ಎತ್ತಿಕೊಂಡು, ಕೈಗೆ ಸಿಕ್ಕ ಮಗುವನ್ನು ಎಸೆದು ಹಿಡಿದು ಆಡಿಸುವ ಹಾಗೆ ಆಡಿಸಿತು. ಎರಡನೆಯ ಸಲ ಪಿಯಾನೋ ಪೂರ್ತಿ ಸುಮ್ಮನಾಯಿತು. ಕ್ಲಾರಿನೆಟ್ಟೂ ಚೆಲ್ಲೋವೂ ಎರಡೇ, ಮಧ್ಯಾಹ್ನದ ಹೊತ್ತು ಜಗುಲಿಯಲ್ಲಿ ಕೂತ ಇಬ್ಬರು ಹೆಂಗಸರ ಹಾಗೆ ಮಾತಾಡಿಕೊಂಡವು. ನಾಲ್ಕನೆಯ ಸಲಕ್ಕೆ ಏನಾಯಿತು ಗೊತ್ತೇ? ಗಾಂಧಾರ ಕೆಳಕ್ಕಿಳಿಯಿತು. ಅಷ್ಟೇ. ಅಂತರ ಗಾಂಧಾರ ಇದ್ದ ಕಡೆ ಸಾಧಾರಣ ಗಾಂಧಾರ. ಆ ತಿಂಡಿಪೋತನ ಹಾಡು ಸಾವಿನ ಮನೆಯ ಬಾಗಿಲಲ್ಲಿ ನಿಂತ ಹಾಗಾಯಿತು. ಇದೇ ಹಾಡಿನೊಳಗೆ ಇದೂ ಇತ್ತೇ? ಆ ಬೀದಿಯ ಜನ ಸಿಳ್ಳೆ ಹಾಕುವಾಗ ಅವರಿಗೆ ಗೊತ್ತಿತ್ತೇ?

ಹೀಗೆ ಒಂಬತ್ತು ಸಲ. ಸಂಹಿತಾ ಎಷ್ಟೋ ಕಡೆ ಎಡವಿದಳು. ಅವರು ನಿಲ್ಲಿಸಿ, ನಕ್ಕು, ಮತ್ತೆ ಹಿಡಿದರು. ಪ್ರತಿ ಭಾನುವಾರ ಬಾ ಎಂದಿದ್ದಾರೆ.

ಕೋಪ ಬಿಟ್ಟು ಒಂದು ನಾಲ್ಕು ಸಾಲು ಬರೆ.

ನಿನ್ನ
ಶಾಮಲಾ


ಮೈಸೂರು
11 ಜೂನ್ 1995

ಚಿ. ಸೌ. ಶಾಮಲೆಗೆ,

ಕೋಪವಿಲ್ಲ. ಎಷ್ಟು ಸಲ ಹೇಳಲಿ.

ಈ ಡಿಸೆಂಬರಿನಲ್ಲಿ ನೀವು ಬರುವುದು ಬೇಡ. ನಾವು ಊರಿನಲ್ಲಿ ಇರುತ್ತೇವೋ ಇಲ್ಲವೋ. ಸುಮ್ಮನೆ ಟಿಕೆಟ್ ಬುಕ್ ಮಾಡಬೇಡಿ. ನಿನ್ನ ಸಂಗೀತದ ವರ್ಣನೆ ಓದಿದೆ. ಚೆನ್ನಾಗಿ ಬರೆಯುತ್ತೀಯ.

ರಮಾ


ಟ್ಯಾಂಪಿನೀಸ್
30 ಜುಲೈ 1995

ಪ್ರೀತಿಯ ಅಕ್ಕ,

ಡಿಸೆಂಬರಿನಲ್ಲಿ ಬರಬೇಡಿ ಎಂದು ಬರೆದಿದ್ದೀಯ. ನಮ್ಮ ಮನೆಯವರಿಗೆ ತೋರಿಸಿದೆ. "ನಿಮ್ಮಕ್ಕನಿಗೆ ನಿಜವಾಗಲೂ ನೋವಾಗಿದೆ ಕಣೆ, ಬಲವಂತ ಮಾಡ್ಬೇಡ" ಎಂದರು. ಹಾಗಾಗಿ ಎರಡು ಕಾಗದ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ. ಇದರ ಜೊತೆ ಒಂದು ಕ್ಯಾಸೆಟ್ ಇದೆ. ನನ್ನ ಮೇಲಿನ ಸಿಟ್ಟನ್ನು ಅದರ ಮೇಲೆ ತೋರಿಸಬೇಡ. ಒಂದೇ ಒಂದು ಸಲ ಕೇಳು.

ನಿನ್ನೆ ನಮ್ಮ ಬಡಾವಣೆಯ ಕಮ್ಯೂನಿಟಿ ಸೆಂಟರಿನಲ್ಲಿ ಮೂವರೂ ನುಡಿಸಿದರು. ಕ್ಯಾಸೆಟ್ಟಿನಲ್ಲಿರುವುದು ಅದೇ. ಸಭಾಂಗಣ ಎಂದರೆ ಏನೋ ಎಂದುಕೊಳ್ಳಬೇಡ. ನೆಲದ ಮೇಲೆ ಬ್ಯಾಡ್ಮಿಂಟನ್ ಗೆರೆಗಳು, ಪ್ಲಾಸ್ಟಿಕ್ ಕುರ್ಚಿಗಳು, ಮೇಲೆ ಗರಗರ ಫ್ಯಾನು. ಚಪ್ಪಲಿ ಮೆಟ್ಟಿಕೊಂಡು, ಹಾಕರ್ ಸೆಂಟರಿನ ತಿಂಡಿ ಅಂಗಡಿಗಳಿಂದ ಕಟ್ಟಿಸಿಕೊಂಡ ಊಟದ ಪೊಟ್ಟಣ ಹಿಡಿದು ಬಂದವರೇ ಹೆಚ್ಚು. ಒಬ್ಬ ಮುದುಕಿ ಮೊಮ್ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು.

ಸಂಹಿತಾ ಬಿಳಿ ಅಂಗಿ ಹಾಕಿಕೊಂಡು, ತುಟಿ ಒಣಗಿ, ನಮ್ಮ ಕಡೆ ನೋಡದೆ ನಿಂತಿದ್ದಳು. ಹಾಡು ಶುರುವಾಯಿತು. ಆ ಮುದುಕಿ ಮಗುವಿನ ಬೆನ್ನು ತಟ್ಟುವುದನ್ನು ಹಾಡಿನ ಲಯಕ್ಕೆ ಬದಲಾಯಿಸಿಕೊಂಡಳು. ಅದನ್ನು ನಾನು ಕಣ್ಣಾರೆ ಕಂಡೆ. ಒಂದೊಂದೇ ರೂಪ ಕಳಚಿಕೊಂಡು ಹಾಡು ಮುಂದೆ ಹೋಗುತ್ತಿತ್ತು. ಒಮ್ಮೆ ಸಿಪಾಯಿಯ ಹಾಗೆ, ಒಮ್ಮೆ ಕಳ್ಳನ ಹಾಗೆ, ಒಮ್ಮೆ ನಿದ್ದೆಗಣ್ಣಿನ ಮಗುವಿನ ಹಾಗೆ. ಪ್ರತಿ ಸಲವೂ ಅಯ್ಯೋ ಇನ್ನು ಇದರಲ್ಲಿ ಏನೂ ಉಳಿದಿಲ್ಲ ಎನ್ನಿಸುತ್ತಿತ್ತು. ಉಳಿದಿರುತ್ತಿತ್ತು! ಕೊನೆಗೆ ಇದ್ದಕ್ಕಿದ್ದಂತೆ ನಡೆಯೇ ಬದಲಾಗಿ, ನಮ್ಮ ತಿಶ್ರದ ಹಾಗೆ ಮೂರು ಮೂರರ ಎಣಿಕೆಯಲ್ಲಿ ಕುಣಿಯುತ್ತಾ ಮೂರೂ ವಾದ್ಯಗಳು ಒಟ್ಟಿಗೆ ಓಡಿಹೋದವು. ಫ್ಯಾನಿನ ಸದ್ದು ಮತ್ತೆ ಕೇಳಿಸಿದಾಗಲೇ ನಮಗೆ ಮುಗಿದದ್ದು ಗೊತ್ತಾದದ್ದು. ಪಕ್ಕದಲ್ಲಿದ್ದ ನಮ್ಮ ಮನೆಯವರು, ಎಂದೂ ಸಂಗೀತ ಎನ್ನದವರು, "ಇದು ನಮ್ಮ ಸಂಹಿತಾನಾ?" ಎಂದರು.

ಅಕ್ಕ, ಇನ್ನೂರು ವರ್ಷದ ಹಿಂದೆ ರಂಗದ ಮೇಲೆ ನಿಂತು ಆ ಹಾಡು ಹಾಡಿದವನು ಯಾರೋ. ಅವನ ಗಂಟಲು ಎಲ್ಲಿ ಹೋಯಿತು? ಇಂದು ಹಾಡುವ ಗಂಟಲೇ ಇಲ್ಲ, ಆದರೂ ಹಾಡು ಇದೆ. ಧ್ವನಿ ಹೋದರೆ ಏನಂತೆ ಎನ್ನಿಸಿಬಿಟ್ಟಿತು. ಇದನ್ನು ನೀನು ಕೇಳಲೇಬೇಕು.

ನಿನ್ನ
ಶಾಮಲಾ


ಮೈಸೂರು
16 ಆಗಸ್ಟ್ 1995

ಶಾಮಲಾ,

ನಿನಗೆ ಯಾರು ಹೇಳಿದರು? ಇವರೇ ಹೇಳಿರಬೇಕು. ಫೋನಿನಲ್ಲಿ ನನ್ನ ಬೆನ್ನ ಹಿಂದೆ ಎಲ್ಲ ಹೇಳಿ, ನನ್ನ ಎದುರು ಏನೂ ಗೊತ್ತಿಲ್ಲದವರ ಹಾಗೆ ಓಡಾಡುತ್ತಿದ್ದಾರೆ. ಕೇಳಿದರೆ ಇಲ್ಲವೇ ಇಲ್ಲ ಎನ್ನುತ್ತಾರೆ.

"ಹಾಡುವ ಗಂಟಲೇ ಇಲ್ಲ, ಆದರೂ ಹಾಡು ಇದೆ." ಎಷ್ಟು ಚೆನ್ನಾಗಿ ಜೋಡಿಸಿದ್ದೀಯ. ಇಷ್ಟು ದಿನ ಪಿಯಾನೋ, ಕ್ಲಾರಿನೆಟ್ ಎಂದು ಪೀಠಿಕೆ ಹಾಕಿ ಕೊನೆಗೆ ಇದಕ್ಕೆ ತಂದೆಯಾ? ಧ್ವನಿ ಹೋದರೆ ಏನಂತೆ! ಹೋದವರನ್ನು ಕೇಳು. ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಗಂಟಲಿನ ಗಂಟು ತೆಗೆದರು. ಒಳ್ಳೆಯ ಗಂಟಲ್ಲ, ಧ್ವನಿಯ ನರಕ್ಕೆ ಸುತ್ತಿಕೊಂಡಿದೆ, ಜೀವ ಬೇಕೋ ಧ್ವನಿ ಬೇಕೋ ಎಂದು ಡಾಕ್ಟರು ಮೊದಲೇ ಹೇಳಿದ್ದರು. ನಾನು ಏನು ಹೇಳುತ್ತಿದ್ದೆನೋ, ಇವರ ಮುಖ ನೋಡಿ ಜೀವ ಎಂದೆ. ಎಚ್ಚರವಾದಾಗ ನೀರು ಕೇಳಲು ಬಾಯಿ ತೆರೆದರೆ ಗಾಳಿ ಬಂತು. ಈಗಲೂ ಅಷ್ಟೇ. ಬಾಯಿಯ ಹತ್ತಿರ ಕಿವಿ ಇಟ್ಟರೆ ಮಾತು ಕೇಳಿಸುತ್ತದೆ. ಫೋನಿಗೆ ಅದು ಹತ್ತುವುದಿಲ್ಲ. ತಂಬೂರಿಯನ್ನು ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಿಸಿದ್ದೇನೆ. ಬೀದಿಯಲ್ಲಿ ಯಾರಾದರೂ ಹಾಡಿಕೊಂಡು ಹೋದರೆ ಕಿಟಕಿ ಮುಚ್ಚುತ್ತೇನೆ. ಪಾಠದ ಹುಡುಗಿಯರಿಗೆ ಬೇರೆಯವರ ಹತ್ತಿರ ಹೋಗಲು ಹೇಳಿದೆ.

ನಿನಗೆ ಹೇಳಲಿಲ್ಲ. ಹೇಳಿದರೆ ನೀನು ಹೀಗೆಯೇ ಸಮಾಧಾನ ಹೇಳುತ್ತೀಯ ಎಂದು ಗೊತ್ತಿತ್ತು. ನಿನ್ನ ಕ್ಯಾಸೆಟ್ ಕವರಿನಲ್ಲೇ ಇದೆ. ತೆಗೆದಿಲ್ಲ.

ರಮಾ


ಟ್ಯಾಂಪಿನೀಸ್
27 ಆಗಸ್ಟ್ 1995

ಅಕ್ಕ,

ನನಗೆ ಯಾರೂ ಹೇಳಿರಲಿಲ್ಲ. ದೇವರಾಣೆ ಗೊತ್ತಿರಲಿಲ್ಲ. ಭಾವ ಒಂದು ಮಾತೂ ಆಡಿಲ್ಲ, ಅವರ ಮೇಲೆ ರೇಗಬೇಡ. ಸಂಹಿತಾ ಹಾಡು ಬಿಟ್ಟದ್ದಕ್ಕೆ ನೀನು ಮುನಿಸಿಕೊಂಡಿದ್ದೀಯ ಎಂದೇ ನಾನು ಇಷ್ಟು ತಿಂಗಳು ತಿಳಿದುಕೊಂಡಿದ್ದೆ. ನಿನ್ನ ಕಾಗದವನ್ನು ನಮ್ಮ ಕಟ್ಟಡದ ಕೆಳಗಿನ ತೆರೆದ ಜಾಗದಲ್ಲಿ, ಅದೇ ವಾಯ್ಡ್ ಡೆಕ್‌ನಲ್ಲಿ, ಪೋಸ್ಟ್ ಪೆಟ್ಟಿಗೆಯ ಮುಂದೆ ನಿಂತೇ ಓದಿದೆ. ಪಕ್ಕದ ಬೆಂಚಿನಲ್ಲಿ ಕೂತಿದ್ದ ಮಲಯ್ ಆಂಟಿ ಎದ್ದು ಬಂದು ನೀರು ಕೊಟ್ಟರು.

ಈ ಕಾಗದ ನನಗಿಂತ ಮುಂಚೆ ತಲುಪುವುದೋ ಇಲ್ಲವೋ. ನಾನು ಬರುತ್ತಿದ್ದೇನೆ. ಬೇಡ ಎನ್ನಬೇಡ.

ಶಾಮಲಾ


ಮೈಸೂರು
14 ಅಕ್ಟೋಬರ್ 1995

ಪ್ರೀತಿಯ ಶಾಮಲಾ,

ನೀನು ಹೋದ ಮೇಲೆ ಮನೆ ಭಣಗುಟ್ಟುತ್ತಿದೆ. ಇವರು ಕಾಲೇಜಿಗೆ, ನಾನು ಬಾಗಿಲು ನೋಡುತ್ತಾ. ನೀನಿದ್ದಷ್ಟು ದಿನ ನಿನ್ನ ಮೇಲೆ ಎಷ್ಟು ರೇಗಿದೆ! ದನಿಯಿಲ್ಲದೆ ರೇಗುವುದು ಎಂಥ ಕಷ್ಟ ಎಂದು ಆಗ ಗೊತ್ತಾಯಿತು. ತಟ್ಟೆ ಕುಕ್ಕಬೇಕು, ಬಾಗಿಲು ಬಡಿಯಬೇಕು. ನೀನು ಒಂದು ಸಲವೂ ಸಂಗೀತದ ಮಾತು ಎತ್ತಲಿಲ್ಲ. ನನ್ನ ತಲೆಗೆ ಎಣ್ಣೆ ಹಚ್ಚಿದೆ, ತಿಳಿಸಾರು ಮಾಡಿದೆ, ಪಕ್ಕದಲ್ಲಿ ಮಲಗಿದೆ. ಹೊರಡುವ ದಿನ ಮಾತ್ರ, "ಕ್ಯಾಸೆಟ್ ವಾಪಸ್ ತಗೊಂಡು ಹೋಗ್ಲಾ ಅಕ್ಕ?" ಎಂದೆ. ನಾನು ಬೇಡ ಎಂದು ತಲೆಯಾಡಿಸಿದೆ. ಯಾಕೆ ಹಾಗೆ ಮಾಡಿದೆನೋ ನನಗೇ ಗೊತ್ತಿಲ್ಲ.

ಹೋದ ಬುಧವಾರ ಮಧ್ಯಾಹ್ನ ಅದನ್ನು ಹಾಕಿದೆ. ಬೈಯುವ ಮನಸ್ಸಿನಿಂದಲೇ ಕೂತೆ. ಮೊದಲ ಸಲ ಕೇಳಿದಾಗ, ಗಮಕವಿಲ್ಲ, ಸ್ವರಗಳನ್ನು ಮೆಟ್ಟಿಲಿನ ಹಾಗೆ ಜೋಡಿಸಿಟ್ಟಿದ್ದಾರೆ ಎಂದು ಮೂಗು ಮುರಿದೆ. ಸಂಹಿತಾಳ ಉಸಿರು ಎಲ್ಲಿ ಸಾಲಲಿಲ್ಲ ಎಂಬುದೂ ಗೊತ್ತಾಯಿತು. ನೀನು ಹೇಳಿದ ಆ ನಾಲ್ಕನೆಯ ರೂಪ ಬಂತು. ಗಾಂಧಾರ ಇಳಿಯಿತು. ಶಾಮಲಾ, ನಾನು ಎದ್ದು ನಿಂತುಬಿಟ್ಟೆ. ಸೆರಗು ಸರಿಮಾಡಿಕೊಂಡು, ಯಾರೋ ದೊಡ್ಡವರು ಮನೆಯೊಳಗೆ ಬಂದಾಗ ಏಳುತ್ತೇವಲ್ಲ, ಹಾಗೆ. ಟೇಪು ಮುಗಿಯುವವರೆಗೂ ನಿಂತೇ ಇದ್ದೆ.

ಮತ್ತೆ ಹಿಂದಕ್ಕೆ ತಿರುಗಿಸಿ ಹಾಕಿದೆ. ಎಷ್ಟು ಸಲವೋ. ಕೊನೆಗೆ ಟೇಪು ನಿಲ್ಲಿಸಿ ನಾನೇ ಆ ಹಾಡನ್ನು ಹೇಳಲು ನೋಡಿದೆ. ಬಾಯಿಂದ ಗಾಳಿಯೇ ಬಂತು. ಆದರೆ ಒಳಗೆ ಅದು ಕೇಳಿಸುತ್ತಿತ್ತು ಕಣೆ! ಒಂದೊಂದು ಸ್ವರವೂ, ಶ್ರುತಿ ಕೂದಲೆಳೆಯಷ್ಟೂ ಆಚೀಚೆಯಾಗದೆ. ನಾನು ಬೇಕೆಂದೇ ಅದನ್ನು ನಮ್ಮ ರಾಗಗಳಿಗೆ ತಿರುಗಿಸಿದೆ. ಮೋಹನಕ್ಕೆ ಬಾ ಎಂದೆ, ಬಂತು. ತೋಡಿಗೆ ಬಾ ಎಂದೆ, ಸ್ವಲ್ಪ ಹಟಮಾಡಿ ಬಂತು. ಇಷ್ಟು ತಿಂಗಳು ಸಂಗೀತ ಹೋಯಿತು, ಹೋಯಿತು ಎಂದು ಕಿಟಕಿ ಮುಚ್ಚಿಕೊಂಡು ಕೂತಿದ್ದೆನಲ್ಲ, ಅದು ಎಲ್ಲಿಗೂ ಹೋಗಿರಲಿಲ್ಲ. ಅದು ಒಳಗೇ ಇತ್ತು, ನನ್ನ ಜೊತೆ ಅದೂ ಕತ್ತಲಲ್ಲಿ ಕೂತಿತ್ತು. ನನಗೆ ಅಳು ಬರಲಿಲ್ಲ. ಭಯವಾಯಿತು. ಒಳ್ಳೆಯ ಭಯ.

ಇವರಿಗೆ ಹೇಳಿದೆ. ಲೈಬ್ರರಿಯಿಂದ ಒಂದು ಪುಸ್ತಕ ತಂದು ಓದಿ, ಆ ಬೀಥೋವನ್ ಮುಂದೆ ಕಿವುಡನಾದ ಎಂದು ತಿಳಿಸಿದರು. ನಿನಗೆ ಇದು ಗೊತ್ತಿತ್ತಲ್ಲವೇ? ಗೊತ್ತಿದ್ದೂ ಇಲ್ಲಿದ್ದಾಗ ಹೇಳಲಿಲ್ಲ. ಹೇಳಿದ್ದರೆ ಕ್ಯಾಸೆಟ್ಟನ್ನು ಒಲೆಗೆ ಹಾಕುತ್ತಿದ್ದೆ.

ಒಂದು ಪ್ರಶ್ನೆ. ಎರಡನೆಯ ರೂಪದಲ್ಲಿ ಪಿಯಾನೋ ಸುಮ್ಮನಿರುತ್ತದೆ. ಆಗ ಆ ಹೆಂಗಸು ಏನು ಮಾಡುತ್ತಾರೆ? ಕೇಳಿ ಬರೆ.

ನಿನ್ನ ಅಕ್ಕ
ರಮಾ


ಟ್ಯಾಂಪಿನೀಸ್
5 ನವೆಂಬರ್ 1995

ಪ್ರೀತಿಯ ಅಕ್ಕ,

ನಿನ್ನ ಕಾಗದವನ್ನು ನಮ್ಮ ಮನೆಯವರಿಗೆ ಜೋರಾಗಿ ಓದಿ ಹೇಳಲು ಹೊರಟು ಅರ್ಧಕ್ಕೆ ನಿಲ್ಲಿಸಿ ಅವರ ಕೈಗೇ ಕೊಟ್ಟೆ. ಹೌದು, ಕಿವಿಯ ವಿಷಯ ಗೊತ್ತಿತ್ತು. ಮೈಸೂರಿನಲ್ಲಿ ದಿನಾ ನಾಲಿಗೆಯ ತುದಿಗೆ ಬರುತ್ತಿತ್ತು. ದಿನಾ ನುಂಗಿಕೊಂಡೆ.

ಮಿಸೆಸ್ ಗೋ ಅವರನ್ನು ನಿನ್ನ ಪ್ರಶ್ನೆ ಕೇಳಿದೆ. ಅವರು ಯೋಚಿಸಿ ಹೇಳಿದರು: "ಕೈ ತೊಡೆಯ ಮೇಲಿಟ್ಟುಕೊಂಡು ಕೂತಿರ್ತೀನಿ. ಇಡೀ ಪೀಸ್‌ನಲ್ಲಿ ಸರಿಯಾಗಿ ಕೇಳಿಸೋದು ಆವಾಗಲೇ. ಉಳಿದಂತೆ ನಂದೇ ಸದ್ದು." ಆಮೇಲೆ, ಕೇಳಿದವರು ಯಾರು ಎಂದರು. ನಿನ್ನ ವಿಷಯ ಹೇಳಿದೆ. ಹೇಳಬಾರದಿತ್ತೇನೋ. ಅವರು ಬಾಗಿಲವರೆಗೂ ಬಂದು ನನ್ನ ಕೈ ಹಿಡಿದುಕೊಂಡು ನಿಂತರು.

ಸಂಹಿತಾ ಡಿಸೆಂಬರಿನಲ್ಲಿ ಒಬ್ಬಳೇ ಬರುತ್ತಾಳಂತೆ. ಬೇಡವೆನ್ನಲು, ಬ್ಯಾಂಕಿನ ಕಡೆಯವರ ಮನೆಯ ಮದುವೆ ಇದೆ ಎಂದೆಲ್ಲ ಅವಳಿಗೆ ನೆವ ಹೇಳಿದೆ. ನಿಜ ಹೇಳುತ್ತೇನೆ, ನನಗೆ ಹೆದರಿಕೆ. ನಿನ್ನ ಧ್ವನಿ ಕೇಳಿ ಬೆಳೆದವಳು ಅವಳು. ನಿನ್ನನ್ನು ಹೀಗೆ ನೋಡಿ ಹೇಗಾಗುತ್ತಾಳೋ, ಅವಳನ್ನು ನೋಡಿ ನೀನು ಹೇಗಾಗುತ್ತೀಯೋ. "ದೊಡ್ಡಮ್ಮ ಮಾತಾಡಕ್ಕಾಗಲ್ಲ ಅಂದ್ರೆ ನಾನು ಮಾತಾಡ್ತೀನಿ, ಅಮ್ಮ. ಕ್ಲಾರಿನೆಟ್ ಇದೆಯಲ್ಲ," ಎನ್ನುತ್ತಾಳೆ. ಈ ಧೈರ್ಯ ಎಲ್ಲಿಂದ ಬಂತೋ. ಏನು ಮಾಡಲಿ, ಬರೆ.

ಶಾಮಲಾ


ಮೈಸೂರು
20 ನವೆಂಬರ್ 1995

ಪ್ರೀತಿಯ ಶಾಮಲಾ,

ಮಗುವನ್ನು ಕಳಿಸು. ತಂಬೂರಿ ಇಳಿಸಿ ಹೊಸ ತಂತಿ ಹಾಕಿಸುತ್ತಿದ್ದೇನೆ.

ರಮಾ


ಮೈಸೂರು
7 ಜನವರಿ 1996

ಪ್ರೀತಿಯ ಶಾಮಲಾ,

ಸಂಹಿತಾ ಸುಖವಾಗಿ ತಲುಪಿದ ಸುದ್ದಿ ಇವರು ಫೋನಿನಲ್ಲಿ ಕೇಳಿ ಹೇಳಿದರು. ಅವಳು ನಿನಗೆ ಏನು ಹೇಳಿದ್ದಾಳೋ, ಏನು ಬಿಟ್ಟಿದ್ದಾಳೋ. ನನ್ನ ಕಡೆಯಿಂದ ಆದದ್ದನ್ನು ಬರೆಯುತ್ತೇನೆ.

ಬಂದ ದಿನ ಅವಳು ನನ್ನ ಬಾಯಿಯ ಹತ್ತಿರ ಕಿವಿ ತಂದು, "ದೊಡ್ಡಮ್ಮ, ಏನಾದ್ರೂ ಹೇಳಿ" ಎಂದಳು. "ಎಷ್ಟು ಎತ್ತರ ಆಗಿದ್ದೀಯೆ" ಎಂದೆ. ಅವಳ ಕಣ್ಣು ತುಂಬಿಕೊಂಡಿತು, ಆದರೆ ಓಡಿಹೋಗಲಿಲ್ಲ. ಮರುದಿನ ಸಂಜೆ ನಡುಮನೆಯಲ್ಲಿ ಕೂತಾಗ, ತಾನು ಹಾಡು ಬಿಟ್ಟದ್ದರ ಕಾರಣವನ್ನು ಅವಳೇ ಹೇಳಿದಳು. ನಿನಗೂ ಅದು ಗೊತ್ತಿತ್ತೋ ಇಲ್ಲವೋ.

"ದೊಡ್ಡಮ್ಮ, ನಾನು ಹಾಡಿದ್ರೆ ನೀವು ಹಾಡಿದ ಹಾಗೇ ಬರ್ತಿತ್ತು. ಉಸಿರು ತಗೊಳ್ಳೋದೂ ನಿಮ್ಮ ಹಾಗೇ. ನಾನು ಎಲ್ಲಿದೀನಿ ಅಂತ ನಂಗೇ ಗೊತ್ತಾಗ್ತಿರಲಿಲ್ಲ. ಅದಕ್ಕೇ ಬಿಟ್ಟೆ."

ನಾನು ಆ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ. ಅವಳ ಮೇಲಿನ ಬೇಜಾರಿಗಲ್ಲ. ನಿನಗೆ ನೆನಪಿರಬಹುದು, ನನ್ನ ಶಿಷ್ಯೆಯರು ರೇಡಿಯೊದಲ್ಲಿ ಒಂದು ಸಾಲು ಹಾಡಿದರೆ ಸಾಕು, ಇದು ರಮಾ ಅವರ ಹುಡುಗಿ ಎಂದು ಜನ ಹೇಳುತ್ತಿದ್ದರು. ಅದನ್ನು ಕೇಳಿ ನಾನು ಹಿಗ್ಗುತ್ತಿದ್ದೆ.

ಸಂಹಿತಾ ಬೆಳಿಗ್ಗೆ ಬೆಳಿಗ್ಗೆ ಜಗುಲಿಯಲ್ಲಿ ಕ್ಲಾರಿನೆಟ್ ಸಾಧನೆ ಮಾಡುತ್ತಿದ್ದಳು. ಬೀದಿಯವರಿಗೆಲ್ಲ ಕೇಳುತ್ತಿತ್ತು. ಈ ಮನೆಯಲ್ಲಿ ಮತ್ತೆ ಸಂಗೀತ ಶುರುವಾಗಿದೆ ಎಂದು ತಿಳಿದು ಹಳೆಯ ಹುಡುಗಿಯರಲ್ಲಿ ಮೂವರು ಬಂದು ಬಾಗಿಲಲ್ಲಿ ನಿಂತರು. ಹೋಗಿ ಎನ್ನಲು ಧ್ವನಿಯಿರಲಿಲ್ಲ. ಬಂದು ಕೂತರು. ಅವರಲ್ಲಿ ಮೀರಾ ಎಂಬವಳಿದ್ದಳು. ನೀನು ಅವಳನ್ನು ನೋಡಿದ್ದೀಯ, ಹಿಂದಿನ ಸಾಲಿನಲ್ಲಿ ಗೋಡೆಗೊರಗಿ ಕೂರುತ್ತಿದ್ದ ದಪ್ಪ ದನಿಯ ಹುಡುಗಿ. ನನ್ನ ಶ್ರುತಿ ಅವಳಿಗೆ ಎಟುಕುತ್ತಿರಲಿಲ್ಲ. ಎಳೆದೆಳೆದು ಮೇಲೆ ತರುತ್ತಿದ್ದೆ.

ಪಾಠ ಹೇಗೆ ಮಾಡುವುದು? ಹಾಡಿ ತೋರಿಸುವಂತಿಲ್ಲ. ತೊಡೆಯ ಮೇಲೆ ತಾಳ ಹಾಕಿದೆ, ತಂಬೂರಿ ಮೀಟಿದೆ. ಪಿಸುಮಾತಿನಲ್ಲಿ ಸಾಹಿತ್ಯ ಹೇಳಿದೆ, ಸಂಹಿತಾ ಅದನ್ನು ಜೋರಾಗಿ ಹೇಳಿದಳು. ಮೋಹನದ ಒಂದು ಕೀರ್ತನೆಯ ಪಲ್ಲವಿ, ಅವರಿಗೆಲ್ಲ ಹಳೆಯ ಪಾಠ. ಒಬ್ಬೊಬ್ಬಳೂ ಒಂದೊಂದು ಸಲ ಹಾಡಲಿ ಎಂದೆ. ಮೊದಲ ಇಬ್ಬರು ಹಾಡಿದರು. ಇಷ್ಟು ತಿಂಗಳು ನನ್ನ ಧ್ವನಿ ಕೇಳದೆ ಇದ್ದುದಕ್ಕೋ ಏನೋ, ಅಲ್ಲಲ್ಲಿ ಅವರದೇ ತಿರುವುಗಳು ಬಂದಿದ್ದವು. ಸಂಹಿತಾ ಕ್ಲಾರಿನೆಟ್ಟಿನಲ್ಲಿ ನುಡಿಸಿದಳು. ಅದು ಇನ್ನೊಂದೇ ಬೆಳಕಿನಲ್ಲಿ ನಿಂತ ಹಾಗಿತ್ತು. ಕೊನೆಗೆ ಮೀರಾ.

ಮೀರಾ ನನ್ನ ಶ್ರುತಿಗೆ ಬರಲಿಲ್ಲ. "ಟೀಚರ್, ತಂಬೂರಿ ಶ್ರುತಿ ಸ್ವಲ್ಪ ಇಳಿಸ್ಕೊಳ್ಳಲಾ?" ಎಂದು ಕೇಳಿ ತಾನೇ ಇಳಿಸಿಕೊಂಡಳು. ಹಿಂದೆ ಆಗಿದ್ದರೆ ನಾನು ಬಿಡುತ್ತಿರಲಿಲ್ಲ. ಆ ಸಾಲನ್ನು ನಾನು ನೂರಾರು ಕಚೇರಿಗಳಲ್ಲಿ ಹಾಡಿದ್ದೇನೆ. ಮೇಲಕ್ಕೆ ಹಾರಿಸಿ, ಅಲ್ಲಿಂದ ಚಿಮ್ಮಿಸಿ, ಜನ ಚಪ್ಪಾಳೆ ತಟ್ಟುವ ಹಾಗೆ. ಅವಳು ಹಾರಿಸಲಿಲ್ಲ. ಕೆಳಗೆ, ಬಾವಿಯ ತಳದಲ್ಲಿ ನೀರು ಮುಟ್ಟುವ ಹಾಗೆ ಒಂದು ಸ್ವರದ ಮೇಲೆ ಹೋಗಿ ಕೂತಳು. ಅಲ್ಲೇ ಇದ್ದಳು. ಅವಸರವೇ ಇಲ್ಲ. ನಾನು ತಾಳ ಹಾಕುವುದನ್ನು ಮರೆತೆ. ಉಳಿದ ಹುಡುಗಿಯರು ನನ್ನ ಮುಖ ನೋಡುತ್ತಿದ್ದರಂತೆ, ಸಂಹಿತಾ ಆಮೇಲೆ ಹೇಳಿದಳು. ನನ್ನ ಹಾಡು, ನಾನು ಹುಟ್ಟಿದಾಗಿನಿಂದ ಕೇಳಿದ ಹಾಡು, ಅದರಲ್ಲಿ ಇಂಥ ಒಂದು ಕೋಣೆ ಇದೆ ಎಂದು ನನಗೆ ಅಂದಿನವರೆಗೂ ಗೊತ್ತಿರಲಿಲ್ಲ. ಆ ಹುಡುಗಿ ಬಾಗಿಲು ತೆಗೆದು ನನ್ನನ್ನು ಒಳಗೆ ಬಿಟ್ಟಳು.

ಮುಗಿಸಿ ತಲೆ ತಗ್ಗಿಸಿ ಕೂತಿದ್ದಳು. ನಾನು ಅವಳನ್ನು ಹತ್ತಿರಕ್ಕೆ ಕರೆದು ಕಿವಿಯಲ್ಲಿ ಹೇಳಿದೆ.

"ಇನ್ನೊಂದು ಸಲ ಹಾಡು."

ಅವಳ ಮುಖ ಬಾಡಿತು. "ಎಲ್ಲಿ ತಪ್ಪಾಯ್ತು ಟೀಚರ್?"

"ತಪ್ಪಿಲ್ಲ. ನನಗೆ ಇನ್ನೊಂದು ಸಲ ಕೇಳಬೇಕು."

ಇಪ್ಪತ್ತೆರಡು ವರ್ಷ ಪಾಠ ಹೇಳಿದ್ದೇನೆ, ಶಾಮಲಾ. ಯಾವ ಹುಡುಗಿಗೂ ಈ ಮಾತು ಹೇಳಿರಲಿಲ್ಲ. ಅವಳಿಗೆ ನಂಬಿಕೆ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಹಾಡಿದಳು.

ನಿನ್ನ ಅಕ್ಕ
ರಮಾ